ಎರಡನೇ ರೊಟ್ಟಿಯ ನಿಷೇಧ ಹಾಗೂ ಇತರೆ ಪೂರ್ವಸಿದ್ಧತೆಗಳ ಕುರಿತು

ಗೃಹ ಇಲಾಖೆ
(ಅಡುಗೆ, ಬಟ್ಟೆ, ಶಾಲೆ ಮತ್ತು ಇತರೆ)
ಹಂಗಾಮಿ ಕಚೇರಿ: ಮುನಿರಾಜಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟ್, ಮೊದಲ ಮಹಡಿ, ಕಿಟಕಿ ಪಕ್ಕದ ನಾಲ್ಕನೇ ಯಂತ್ರ, ಹಲಸೂರು, ಬೆಂಗಳೂರು

ಸಂಖ್ಯೆ: ಗೃಇ/ಜದೇ/01/1999-2000
ದಿನಾಂಕ: 19-01-2000

ಸುತ್ತೋಲೆ

ವಿಷಯ: ಮನೆಯಲ್ಲೇ ಇರುವ ತಾಯಂದಿರು ವಿಚ್ಛೇದನಕ್ಕೆ ಮುಂಚಿತವಾಗಿ ಹಣ ಮತ್ತು ಉದ್ಯೋಗದ ಬಗ್ಗೆ ಕೈಗೊಳ್ಳಬೇಕಾದ ಸಿದ್ಧತೆಗಳು, ಹಾಗೂ ಸದರಿ ಸಿದ್ಧತೆಗಳ ಪೈಕಿ ಒಂದನ್ನೂ ಈ ಇಲಾಖೆಯು ಮುಂಚಿತವಾಗಿ ಕೈಗೊಳ್ಳದೆ ಇದ್ದುದರ ಬಗ್ಗೆ.

ಉಲ್ಲೇಖ:
1) ಶ್ರೀ ಬಸವಪ್ರಭು ಅವರ ಮೌಖಿಕ ಆದೇಶ, ದಿನಾಂಕ 21-02-1999, ಭಾನುವಾರ, ಊಟದ ವೇಳೆ.
2) ಶ್ರೀ ಮುನಿರಾಜಪ್ಪ ಅವರ ಕೆಂಪು ಪೆನ್ಸಿಲ್ ಟಿಪ್ಪಣಿ: "ಮೇಡಂ, ಪರೀಕ್ಷೆಗೆ ಇದ್ದ ಮಾದರಿ ಸುತ್ತೋಲೆ ಎಲ್ಲಾ ಮುಗಿದೋಯ್ತು. ಇನ್ಮೇಲೆ ನಿಮ್ದೇ ಏನಾದ್ರೂ ಬರ್ಕೊಂಡು ಟೈಪ್ ಮಾಡಿ. ಎರಡು ಪುಟಕ್ಕೆ ಕಮ್ಮಿ ಇರಬಾರದು."

ಪ್ರಸ್ತಾವನೆ:

ಈ ಇಲಾಖೆಯಲ್ಲಿ ಒಬ್ಬರೇ ಸಿಬ್ಬಂದಿ ಇರುತ್ತಾರೆ. ಹೆಸರು ಜಯದೇವಿ, ವಯಸ್ಸು ಮೂವತ್ತೈದು, ಹುಟ್ಟೂರು ಹಾವೇರಿ. ಮದುವೆಗೆ ಮುಂಚೆ ಅಲ್ಲಿಯ ಕಚೇರಿಯೊಂದರಲ್ಲಿ ಎಂಟು ತಿಂಗಳು ಹಂಗಾಮಿ ಬೆರಳಚ್ಚುಗಾರ್ತಿಯಾಗಿ ಸೇವೆ ಸಲ್ಲಿಸಿದ್ದು, ಈ ಸುತ್ತೋಲೆಯ ಭಾಷೆ ಅಲ್ಲಿಂದಲೇ ಬಂದಿರುತ್ತದೆ. ನಂತರ ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಗೃಹ ಇಲಾಖೆಯ ಸೇವೆಯಲ್ಲಿದ್ದಾರೆ. ಆದೇಶ ಹೊರಡಿಸುವವರೂ ಅದನ್ನು ಪಾಲಿಸಬೇಕಾದವರೂ ಪಾಲಿಸದೆ ಇರುವವರೂ ಅವರೇ ಆಗಿರುವುದರಿಂದ, ಈ ಕೆಳಕಂಡ ಸೂಚನೆಗಳನ್ನು ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ಹೊರಡಿಸಲಾಗಿದೆ.

1. ರೊಟ್ಟಿ ಬಡಿಸುವ ಬಗ್ಗೆ.

ಉಲ್ಲೇಖ (1)ರ ದಿನದಂದು, ಇಂದಿರಾನಗರದ ಬಾಡಿಗೆ ಮನೆಯಲ್ಲಿ, ಸಿಬ್ಬಂದಿಯ ಪತಿ ಶ್ರೀ ಬಸವಪ್ರಭು ಅವರು ಮೊದಲ ರೊಟ್ಟಿ ಮುಗಿಸಿ, ಟಿ.ವಿ. ಸದ್ದು ಕಡಿಮೆ ಮಾಡಿ, ಗೋಡೆಯನ್ನು ನೋಡುತ್ತಾ ಹೀಗೆ ತಿಳಿಸಿರುತ್ತಾರೆ:

"ಜಯಾ, ನಾ ಬ್ಯಾರೆ ಇರ್ಬೇಕಂತ ಮಾಡೀನಿ. ಆಫೀಸಿನ್ಯಾಗ ಒಬ್ಬಾಕಿ ಅದಾಳ. ನಿನ್ನ ಮುಂದ ಸುಳ್ಳು ಹೇಳಿ ಹೇಳಿ ಸಾಕಾಗೇದ. ಡೈವೋರ್ಸ್ ತಗೊಳ್ಳೂಣು."

ಇದಕ್ಕೆ ಸಿಬ್ಬಂದಿಯು ನೀಡಿದ ಅಧಿಕೃತ ಉತ್ತರ: "ಮೊದ್ಲ ಉಣ್ರಿ. ರೊಟ್ಟಿ ಆರ್ತದ."

ಹಾಗೆಂದು ಎರಡನೇ ರೊಟ್ಟಿಯನ್ನೂ, ಅದರ ಮೇಲೆ ಬದನೆಕಾಯಿ ಎಣ್ಣೆಗಾಯಿಯನ್ನೂ ಬಡಿಸಲಾಯಿತು. ಅವರು ಅದನ್ನೂ ಊಟ ಮಾಡಿದರು. ಹೇಳಿದ ಮಾತಿನ ಅರ್ಥ ಸಿಬ್ಬಂದಿಗೆ ತಟ್ಟೆ ತೊಳೆಯುವಾಗ ಆಗಿರುತ್ತದೆ. ಅಂದು ಒಂದೇ ತಟ್ಟೆಯನ್ನು ಎಷ್ಟು ಸಲ ತೊಳೆಯಲಾಯಿತು ಎಂಬ ಬಗ್ಗೆ ಮಾಹಿತಿ ಲಭ್ಯವಿಲ್ಲ.

ಆದುದರಿಂದ, ವಿಚ್ಛೇದನದ ಪ್ರಸ್ತಾವ ಬಂದ ಕೂಡಲೇ ಬಡಿಸುವುದನ್ನು ನಿಲ್ಲಿಸತಕ್ಕದ್ದು. ಮೊದಲ ರೊಟ್ಟಿಯನ್ನು ಹಿಂಪಡೆಯಲು ಅವಕಾಶವಿರುವುದಿಲ್ಲ.

2. ಹಳೆಯ ವಿದ್ಯೆಯನ್ನು ಪುನಃ ಚಾಲ್ತಿಗೆ ತರುವ ಬಗ್ಗೆ.

ಮಾರನೆಯ ವಾರ ಶ್ರೀ ಬಸವಪ್ರಭು ಅವರು ಇನ್ನೊಂದು ಮಾತು ಸೇರಿಸಿದರು: "ಗೌತಮಿ ನನ್ನ ಕೂಡ ಇರ್ಲಿ. ನಿನಗ ಒಂದ್ ರೂಪಾಯಿ ಸಂಬಳ ಇಲ್ಲ, ಆಕೀನ ಹೆಂಗ ಸಾಕ್ತೀ?" ಗೌತಮಿ ಎಂದರೆ ಹತ್ತು ವರ್ಷದ ಮಗಳು. ಮೊದಲ ಮಾತಿಗೆ ಅಳು ಬಂದಿತ್ತು. ಎರಡನೆಯದಕ್ಕೆ ಕಾಲಿಗೆ ಚಪ್ಪಲಿ ಬಂತು.

ಮಗಳನ್ನು ಶಾಲೆಗೆ ಬಿಡುವ ದಾರಿಯಲ್ಲಿ ಆರು ವರ್ಷದಿಂದ ಕಾಣುತ್ತಿದ್ದ, ಒಮ್ಮೆಯೂ ಓದದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡನ್ನು ಅಂದು ಓದಲಾಯಿತು. ಮೆಟ್ಟಿಲು ಹತ್ತಿದರೆ ಹದಿನೆಂಟರ ಹುಡುಗಿಯರು ಒಂಬತ್ತು ಜನ, ಯಂತ್ರಗಳು ಹತ್ತು. ಮಾಲೀಕರಾದ ಮುನಿರಾಜಪ್ಪನವರು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು:

"ಟೈಪಿಂಗ್ ಜೂನಿಯರ್ ಯಾವ ವರ್ಷ ಪಾಸ್ ಮಾಡಿದ್ದು?"

"ಎಂಬತ್ತೈದು, ಸಾರ್."

"ಪರ್ವಾಗಿಲ್ಲ ಬಿಡಿ. ನಾಲ್ಕನೇ ಮಿಷನ್ನೂ ಅದೇ ವರ್ಷದ್ದು. ಇಬ್ರೂ ಹೊಂದ್ಕೊಳ್ತೀರ."

ಹನ್ನೆರಡು ವರ್ಷ ರೊಟ್ಟಿ ಬಡಿದ ಕೈಯಾದ್ದರಿಂದ, ಮೊದಲ ದಿನ ಹೊಡೆದ ಸೊನ್ನೆಗಳೆಲ್ಲಾ ಕಾಗದವನ್ನು ತೂತು ಮಾಡಿಕೊಂಡು ಆಚೆ ಹೋದವು. ಪುಟವನ್ನು ಬೆಳಕಿಗೆ ಹಿಡಿದ ಮುನಿರಾಜಪ್ಪನವರಿಗೆ ಅದರ ಮೂಲಕ ಎದುರಿನ ಮರ ಕಾಣಿಸಿತು. "ಮೇಡಂ, ಇದು ಸುತ್ತೋಲೆನೋ ಜರಡಿನೋ?" ಎಂದು ವಿಚಾರಿಸಿದರು. ಹುಡುಗಿಯರು ನಕ್ಕರು. ಅವರು 'ಆಂಟಿ' ಎಂದು ಕರೆಯುತ್ತಿದ್ದ ಸಿಬ್ಬಂದಿಯೂ ನಕ್ಕರು. ಇನ್ನು ಮುಂದೆ ಸೊನ್ನೆಯನ್ನು ಕಿರುಬೆರಳ ತುದಿಯಿಂದ, ಮಲಗಿದ ಮಗುವಿನ ಕೆನ್ನೆ ಮುಟ್ಟುವಷ್ಟು ಮೆಲ್ಲಗೆ ಮುಟ್ಟತಕ್ಕದ್ದು.

3. ದಾಖಲೆಗಳ ಬಗ್ಗೆ.

ಮುನಿರಾಜಪ್ಪನವರು ತಮಗೆ ಟೈಪಿಂಗ್ ಕೆಲಸ ಕೊಡುತ್ತಿದ್ದ ವಕೀಲರೊಬ್ಬರ ವಿಳಾಸ ಬರೆದುಕೊಟ್ಟರು. ಹೆಸರು ಜಹನಾರಾ, ಕಚೇರಿ ಶಿವಾಜಿನಗರದಲ್ಲಿ, ಕನ್ನಡಕದ ಅಂಗಡಿಯ ಮೇಲೆ. ಕನ್ನಡದಲ್ಲೇ ಅರ್ಜಿ ಹಾಕುವ ಹಟವುಳ್ಳವರು, ವಯಸ್ಸು ಐವತ್ತೈದರ ಮೇಲೆ. ಅವರ ಮುಂದೆ ಕುಳಿತ ಸಿಬ್ಬಂದಿಯು ಬಾಯಿ ತೆರೆಯುವ ಮೊದಲೇ ಅಳಲಾರಂಭಿಸಿದರು. ಜಹನಾರಾ ಅವರು ನೀರಿನ ಲೋಟ ಮುಂದಿಟ್ಟು, ಲೋಟದ ಪಕ್ಕ ಒಂದು ಹಾಳೆ ಇಟ್ಟರು.

"ಅಳಮ್ಮ, ತೊಂದ್ರೆ ಇಲ್ಲ. ಅಳ್ತಾ ಬರ್ಕೊಳ್ಳಿ. ಯಜಮಾನ್ರ ಸಂಬಳದ ಚೀಟಿ, ವಿಮೆ ಕಾಗದ, ಬ್ಯಾಂಕ್ ಪಾಸ್‌ಬುಕ್, ಮನೆ ಅಡ್ವಾನ್ಸ್ ಕೊಟ್ಟ ಅಗ್ರಿಮೆಂಟು, ಮಗು ಹುಟ್ಟಿದ ಸರ್ಟಿಫಿಕೇಟು. ಎಲ್ಲಾ ಝೆರಾಕ್ಸ್. ಒಡವೆ ಯಾವ್ದು ನಿಮ್ಮ ತವರಿಂದು, ಯಾವ್ದು ಅವ್ರು ಮಾಡ್ಸಿದ್ದು, ಬೇರೆ ಬೇರೆ ಬರೀರಿ. ಅವ್ರ ಸಂಬಳ ಎಷ್ಟು?"

ಸಿಬ್ಬಂದಿಗೆ ಗೊತ್ತಿರಲಿಲ್ಲ. ಉಪ್ಪಿನ ದರ, ಗ್ಯಾಸ್ ಮುಗಿಯುವ ದಿನ, ಪತಿಯ ಅಂಗಿಯ ಅಳತೆ, ಅತ್ತೆಯವರ ಮಾತ್ರೆಗಳ ಹೆಸರು ಎಲ್ಲಾ ಗೊತ್ತಿತ್ತು. ಸಂಬಳ ಗೊತ್ತಿರಲಿಲ್ಲ. ಕೇಳುವುದು ಮರ್ಯಾದೆಯಲ್ಲ ಎಂದು ಯಾರೂ ಹೇಳಿರಲಿಲ್ಲ, ಸಿಬ್ಬಂದಿಯೇ ಅಂದುಕೊಂಡಿದ್ದರು.

ಪ್ರತಿಗಳನ್ನು ಬಚ್ಚಿಡುವ ಜಾಗದ ಬಗ್ಗೆ ಎರಡು ದಿನ ಕೂಲಂಕಷವಾಗಿ ಪರಿಶೀಲಿಸಲಾಗಿ, ಪತಿಯವರು ಹನ್ನೆರಡು ವರ್ಷದಲ್ಲಿ ಅಡುಗೆಮನೆಯ ಒಂದು ಡಬ್ಬಿಯನ್ನೂ ತೆರೆದಿಲ್ಲವೆಂಬ ಅಂಶ ಬೆಳಕಿಗೆ ಬಂದಿದ್ದು, ಜೋಳದ ಹಿಟ್ಟಿನ ಡಬ್ಬಿಯನ್ನು ಅಭಿಲೇಖಾಲಯವೆಂದು ಘೋಷಿಸಲಾಯಿತು. ವಕೀಲರ ಮೇಜಿನ ಮೇಲೆ ಕಡತ ಬಿಚ್ಚಿದಾಗ ಎದ್ದ ಹಿಟ್ಟಿಗೆ ಜಹನಾರಾ ಅವರು ನಾಲ್ಕು ಸಲ ಸೀನಿದರು. ದಾಖಲೆಗಳನ್ನು ಸಲ್ಲಿಸುವ ಮುನ್ನ ಕೊಡವತಕ್ಕದ್ದು.

4. ಕಾರ್ಬನ್ ಹಾಳೆ ಮುಟ್ಟಿದ ಕೈಯಿಂದ ಕಣ್ಣು, ಮೂಗು ಒರೆಸಿಕೊಳ್ಳುವುದನ್ನು ನಿಷೇಧಿಸಿದೆ.

ಈ ನಿಯಮಕ್ಕೆ ಕಾರಣವಾದ ಘಟನೆ: ಏಪ್ರಿಲ್ ತಿಂಗಳ ಒಂದು ದಿನ, ಟೈಪ್ ಮಾಡುತ್ತಿದ್ದ ಮಾದರಿ ಪತ್ರದಲ್ಲಿ 'ತಮ್ಮ ಸೇವೆಯ ಅವಶ್ಯಕತೆ ಇರುವುದಿಲ್ಲವೆಂದು ತಿಳಿಸಲು ವಿಷಾದಿಸಲಾಗಿದೆ' ಎಂಬ ಸಾಲು ಬಂತು. ಮೂರು ಗಂಟೆಗೆ ಶಾಲೆಯ ಗೇಟಿನಲ್ಲಿ ತಾಯಿಯನ್ನು ಕಂಡ ಗೌತಮಿ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ನಿಂಗೆ ಮೀಸೆ ಬಂದಿದೆ!"

ಹೇಗೆ ಹೇಳುವುದೆಂದು ಎರಡು ತಿಂಗಳಿಂದ ತೋಚದಿದ್ದ ವಿಷಯವನ್ನು, ಸೆರಗಿನಿಂದ ಮೀಸೆ ಒರೆಸಿಕೊಳ್ಳುತ್ತಾ, ಫುಟ್‌ಪಾತಿನ ಮೇಲೆ ನಿಂತು ಹೇಳಲಾಯಿತು. ಅಪ್ಪ ಬೇರೆ ಮನೆ ಮಾಡುತ್ತಾರೆ. ಅಪ್ಪ ನಿನಗೆ ಅಪ್ಪನೇ. ಹೀಗೆ. ಮಗಳು ನಗು ನಿಲ್ಲಿಸಿ, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ತುಂಬಾ ದೂರ ನಡೆದಳು. ಹಲಸೂರು ಕೆರೆಯ ಹತ್ತಿರ ಬಂದ ಮೇಲೆ ಕೇಳಿದಳು:

"ಇನ್ಮೇಲೆ ಪ್ರೋಗ್ರೆಸ್ ಕಾರ್ಡಿಗೆ ಯಾರು ಸೈನ್ ಹಾಕೋದು?"

"ನಾನು."

"ನಿಂಗೆ ಸೈನ್ ಬರುತ್ತಾ?"

ಈ ಪ್ರಶ್ನೆಯನ್ನು ಕಂಡಿಕೆ 5ಕ್ಕೆ ವರ್ಗಾಯಿಸಲಾಗಿದೆ.

5. ಸಹಿ ಮತ್ತು ಬ್ಯಾಂಕ್ ಖಾತೆಯ ಬಗ್ಗೆ.

ಸ್ವಂತ ಹೆಸರಿನಲ್ಲಿ ಖಾತೆ ತೆರೆಯಬೇಕೆಂದು ಜಹನಾರಾ ಅವರು ಮೂರು ಸಲ ಎಚ್ಚರಿಸಿದ ನಂತರ ಬ್ಯಾಂಕಿಗೆ ಹೋಗಲಾಯಿತು. ಪರಿಚಯಿಸಲು ಅಲ್ಲಿಯ ಖಾತೆದಾರರೊಬ್ಬರ ಸಹಿ ಬೇಕೆಂದರು. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಇದ್ದೂ, ಸಿಬ್ಬಂದಿಗೆ ಪರಿಚಯವಿದ್ದ ಖಾತೆದಾರರು ಪತಿ ಒಬ್ಬರೇ. ಕೊನೆಗೆ ಮುನಿರಾಜಪ್ಪನವರು ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ ಬಂದರು.

ಅರ್ಜಿಯಲ್ಲಿ ಮೂರು ಕಡೆ ಸಹಿ ಮಾಡಬೇಕಿತ್ತು. ಹಿಂದಿನ ವಾರವೆಲ್ಲಾ ಹಾಲಿನ ಚೀಟಿಯ ಹಿಂಭಾಗದಲ್ಲಿ ಅಭ್ಯಾಸ ಮಾಡಿದ್ದರೂ ಮೂರು ಸಹಿಗಳೂ ಮೂರು ದಿಕ್ಕಿಗೆ ಹೋದವು. ಗುಮಾಸ್ತರು ಕಾಗದವನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರು.

"ಮೂರು ಜನ ಬಂದಿದ್ದೀರಾ ಮೇಡಂ?"

"ಇಲ್ಲ ಸಾರ್, ಒಬ್ರೇ," ಎಂದು ಮುನಿರಾಜಪ್ಪನವರು ಮುಂದೆ ಬಂದರು. "ನಾನು ಗ್ಯಾರಂಟಿ. ಹೊಸ ಅರ್ಜಿ ಕೊಡಿ. ಮೇಡಂ, ನಿಧಾನಕ್ಕೆ ಬರೀರಿ. ಇಲ್ಲಿ ಸ್ಪೀಡ್ ಟೆಸ್ಟ್ ಇಲ್ಲ."

ಸಹಿಯು ಒಂದೇ ಇರತಕ್ಕದ್ದು. ಸುಂದರವಾಗಿರಬೇಕಾಗಿಲ್ಲ.

6. ಸಂದರ್ಶನಗಳಲ್ಲಿ ನಡೆದುಕೊಳ್ಳಬೇಕಾದ ರೀತಿ.

ಮೇ ತಿಂಗಳಲ್ಲಿ ಇಂದಿರಾನಗರದ ಖಾಸಗಿ ಕಚೇರಿಯೊಂದರಲ್ಲಿ ಕನ್ನಡ ಬೆರಳಚ್ಚುಗಾರರ ಹುದ್ದೆಗೆ ಸಂದರ್ಶನವಿತ್ತು. ಇಸ್ತ್ರಿ ಮಾಡಿದ ಸೀರೆ, ಫೈಲು, ಎಲ್ಲವೂ ಕ್ರಮಬದ್ಧವಾಗಿದ್ದವು. ಇಬ್ಬರು ಸಂದರ್ಶಕರು ಟೀ ಕುಡಿಯುತ್ತಾ ಪ್ರಶ್ನೆ ಕೇಳಿದರು, ಉತ್ತರಗಳೂ ತೃಪ್ತಿಕರವಾಗಿದ್ದವು. "ಆಯ್ತಮ್ಮ, ತಿಳಿಸ್ತೀವಿ" ಎಂದಾಗ ಸಿಬ್ಬಂದಿಯು ಎದ್ದು, ನಮಸ್ಕಾರ ಮಾಡಿ, ಮೇಜಿನ ಮೇಲಿದ್ದ ಎರಡು ಖಾಲಿ ಲೋಟಗಳನ್ನೂ ಬಿಸ್ಕತ್ತಿನ ತಟ್ಟೆಯನ್ನೂ ಎತ್ತಿಕೊಂಡು ಹೊರನಡೆದರು. ಬಾಗಿಲ ಬಳಿ ಬಂದ ಮೇಲೆ ಸಿಂಕ್ ಎಲ್ಲಿದೆ ಎಂದು ಹುಡುಕಿದರು. ಆಗ ಪ್ರಜ್ಞೆ ಬಂತು. ವಾಪಸ್ ಇಡುವುದೋ, ತೊಳೆಯುವುದೋ ಎಂಬ ಗೊಂದಲದಲ್ಲಿ ಅವುಗಳನ್ನು ಸ್ವಾಗತಕಾರಿಣಿಯ ಮೇಜಿನ ಮೇಲೆ ಇಟ್ಟು ಮೆಟ್ಟಿಲಿಳಿಯಲಾಯಿತು.

ಅವರು ತಿಳಿಸಲಿಲ್ಲ. ಸಂದರ್ಶಕರ ಲೋಟಗಳನ್ನು ಎತ್ತತಕ್ಕದ್ದಲ್ಲ. ಎತ್ತಿದ್ದೇ ಆದಲ್ಲಿ ಗಾಂಭೀರ್ಯದಿಂದ ಹೊತ್ತೊಯ್ಯತಕ್ಕದ್ದು.

ಈ ವಿಷಯವನ್ನು ಕೇಳಿದ ಜಹನಾರಾ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಂತರ ಕಣ್ಣೊರೆಸಿಕೊಂಡು, "ಜೂನ್ ಒಂದರಿಂದ ನನ್ನ ಹತ್ರ ಬನ್ನಿ. ಅರ್ಜಿ ಟೈಪ್ ಮಾಡೋರು ಬೇಕು ನಂಗೆ" ಎಂದರು.

"ಮೇಡಂ, ಸೀನಿಯರ್ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ."

"ಸರ್ಟಿಫಿಕೇಟು ಟೈಪ್ ಮಾಡುತ್ತಾ? ನೀವು ತಾನೆ ಮಾಡೋದು?"

7. ಅರ್ಜಿಯ ಉದ್ಯೋಗ ಕಾಲಂ ಭರ್ತಿ ಮಾಡುವ ಬಗ್ಗೆ.

ಜೂನ್ ತಿಂಗಳ ಕೊನೆಯಲ್ಲಿ ಪರಸ್ಪರ ಒಪ್ಪಿಗೆಯ ಅರ್ಜಿ ಸಿದ್ಧವಾಯಿತು. ಕಚೇರಿಯ ಬೆರಳಚ್ಚುಗಾರ್ತಿ ಒಬ್ಬರೇ ಆಗಿದ್ದರಿಂದ ಸಿಬ್ಬಂದಿಯು ತಮ್ಮ ವಿಚ್ಛೇದನವನ್ನು ತಾವೇ ಟೈಪ್ ಮಾಡಬೇಕಾಯಿತು. ಮದುವೆಯ ದಿನಾಂಕ, ಸ್ಥಳ, ಮಗುವಿನ ಹೆಸರು ಎಲ್ಲಾ ಸುಸೂತ್ರವಾಗಿ ಬಂದವು. 'ಉದ್ಯೋಗ' ಎಂಬಲ್ಲಿ ಕೈ ನಿಂತಿತು.

ಜಹನಾರಾ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ನೋಡಮ್ಮ, ಬರೀ ಗೃಹಿಣಿ ಅಂತ ಹಾಕಿದ್ರೆ, ದುಡಿಮೆ ಇಲ್ಲ, ಮಗು ನಂಗೆ ಕೊಡಿ ಅಂತಾರೆ. ಬರೀ ಟೈಪಿಸ್ಟ್ ಅಂತ ಹಾಕಿದ್ರೆ, ದುಡೀತಾಳಲ್ಲ, ದುಡ್ಡು ಯಾಕೆ ಅಂತಾರೆ. ಸತ್ಯ ಏನು?"

ಸತ್ಯ ಎರಡೂ ಆಗಿತ್ತು. 'ಗೃಹಿಣಿ ಹಾಗೂ ಬೆರಳಚ್ಚುಗಾರ್ತಿ' ಎಂದು ಟೈಪ್ ಮಾಡಲಾಗಿ, ಜಾಗ ಸಾಲದೆ ಅರ್ಧ ಉದ್ಯೋಗವು ಪಕ್ಕದ ವಯಸ್ಸಿನ ಕಾಲಮ್ಮಿಗೆ ಹರಿದು, ಅರ್ಜಿದಾರರ ವಯಸ್ಸು 'ಚ್ಚುಗಾರ್ತಿ 35' ಎಂದು ದಾಖಲಾಗಿರುತ್ತದೆ.

ಸಹಿಗೆ ಬಂದ ಶ್ರೀ ಬಸವಪ್ರಭು ಅವರು ಆ ಸಾಲಿನ ಮೇಲೆ ಬೆರಳಿಟ್ಟರು. "ಟೈಪಿಸ್ಟ್? ಯಾವಾಗಿಂದ?" ಎಂದರು. ನಂತರ ಮಗಳ ವಿಷಯ ಬಂತು. ಆಯಾ ಒಬ್ಬಳನ್ನು ಇಡುವುದಾಗಿ ಹೇಳಿದರು. ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ; ಅಳುಕಿತ್ತು. ಮಗಳನ್ನೂ ಬಿಟ್ಟು ಹೋಗುವವನು ಎನಿಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ಸಿಬ್ಬಂದಿಗೆ ಅದು ಆಗಲೂ ಅರ್ಥವಾಗಿತ್ತು, ಅರ್ಥವಾದದ್ದಕ್ಕೆ ತಮ್ಮ ಮೇಲೆಯೇ ಸಿಟ್ಟೂ ಬಂದಿತ್ತು.

ವಾದ ಮಾಡುವ ಬದಲು, ವೇಗದ ಅಭ್ಯಾಸಕ್ಕೆಂದು ಟೈಪ್ ಮಾಡಿದ್ದ ಎರಡು ಹಾಳೆಗಳನ್ನು ಅವರ ಮುಂದೆ ಇಡಲಾಯಿತು. ಮೇಲೆ 'ಗೌತಮಿ' ಎಂದಿತ್ತು. ಎಬ್ಬಿಸುವ ಸಮಯ, ಮತ್ತೆ ಎಬ್ಬಿಸುವ ಸಮಯ, ಎಡ ಕಿವಿಗೆ ನೀರು ಹೋಗದಂತೆ ಸ್ನಾನ, ಮೊಸರನ್ನಕ್ಕೆ ದಾಳಿಂಬೆ, ಗಣಿತದ ಮೇಷ್ಟ್ರ ಹೆದರಿಕೆ, ಮಧ್ಯಾಹ್ನ ಮೂರು, ಹಾಲಿನ ಕೆನೆ ತೆಗೆಯುವುದು. ಅವರು ಮೊದಲ ಪುಟ ಓದಿದರು. ಎರಡನೆಯದನ್ನೂ ಓದಿದರು.

"ಇಷ್ಟೆಲ್ಲಾ ಇರ್ತದೇನು?"

"ಇದು ಸೋಮವಾರದ್ದಷ್ಟ ರೀ."

ಅವರು ಹಾಳೆಗಳನ್ನು ಮಡಚಿ ಕಿಸೆಗೆ ಇಟ್ಟುಕೊಂಡು, "ಆಕಿ ನಿನ್ನ ಕೂಡ ಇರ್ಲಿ. ನಾ ಐತ್ವಾರ ಬರ್ತೀನಿ" ಎಂದರು. ಮಗಳ ಶಾಲೆಯ ಖರ್ಚು, ತಿಂಗಳ ಜೀವನಾಂಶ ಅವರ ಕಡೆಯಿಂದ ಎಂದು ಅದೇ ಮೇಜಿನ ಮೇಲೆ ತೀರ್ಮಾನವಾಯಿತು. ಅವರು ಹೋದ ಮೇಲೆ ಜಹನಾರಾ ಅವರು ಕೆಳಗಿನಿಂದ ಎರಡು ಸುಲೈಮಾನಿ ಚಹಾ ತರಿಸಿದರು. ಲೋಟಗಳನ್ನು ಅವರೇ ಎತ್ತಿಟ್ಟರು.

8. ಸೀನಿಯರ್ ಟೈಪಿಂಗ್ ಪರೀಕ್ಷೆಯ ಕೊಠಡಿಯಲ್ಲಿ ನೆರೆಮನೆಯ ಕುಕ್ಕರಿನ ಸೀಟಿಗಳನ್ನು ಎಣಿಸತಕ್ಕದ್ದಲ್ಲ.

ಮೂರನೇ ಸೀಟಿಗೆ ಟೈಪಿಂಗ್ ನಿಲ್ಲಿಸಿ ಒಲೆ ಆರಿಸಲು ಅರ್ಧ ಎದ್ದು ನಿಂತ ಅಭ್ಯರ್ಥಿ ಇಡೀ ಕೊಠಡಿಯಲ್ಲಿ ಒಬ್ಬರೇ. ಫಲಿತಾಂಶ: ಪತ್ರ ಮತ್ತು ಸುತ್ತೋಲೆಯಲ್ಲಿ ಪಾಸು, ವೇಗದಲ್ಲಿ ನಪಾಸು. ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟಲಾಗಿದೆ.

9. ಮನೆ ಬದಲಾವಣೆ.

ಇಂದಿರಾನಗರದ ಬಾಡಿಗೆ ಒಬ್ಬರ ಸಂಬಳಕ್ಕೆ ನಿಲುಕದ್ದರಿಂದ ಆಗಸ್ಟ್‌ನಲ್ಲಿ ಮರ್ಫಿ ಟೌನಿನ ಒಂದೂವರೆ ಕೋಣೆಗೆ ಸ್ಥಳಾಂತರಗೊಳ್ಳಲಾಯಿತು. ಅರ್ಧ ಕೋಣೆ ಯಾವುದು ಎಂಬ ಬಗ್ಗೆ ಮಾಲಕಿ ಆಂಜನಮ್ಮನವರಿಗೂ ಖಚಿತವಿಲ್ಲ. ಶ್ರೀ ಬಸವಪ್ರಭು ಅವರು ಕೆ.ಆರ್. ಪುರದಲ್ಲಿ ಮನೆ ಮಾಡಿದ್ದು, ಮಾತಿನಂತೆ ಪ್ರತಿ ಭಾನುವಾರ ಬಂದು, ಹೊಸ್ತಿಲ ಹೊರಗೆ ನಿಂತು ಮಗಳನ್ನು ಕರೆಯುತ್ತಾರೆ. ಮೊದಲೆರಡು ವಾರ ಗೌತಮಿ ಹೋಗಲು ಒಪ್ಪಲಿಲ್ಲ. ಈಗ ಚಪ್ಪಲಿ ಹಾಕಿಕೊಂಡೇ ಕಾಯುತ್ತಾಳೆ. ಇದರಿಂದ ಸಿಬ್ಬಂದಿಗೆ ಸಂತೋಷವಾಗಿರುತ್ತದೆ ಎಂದು ದಾಖಲಿಸಲಾಗಿದೆ, ಪೂರ್ತಿ ನಿಜವಲ್ಲ.

10. ಬಸ್ ಪ್ರಯಾಣದ ಬಗ್ಗೆ.

ಅರ್ಜಿಯ ನಂತರ ಕಾನೂನಿನಂತೆ ಕಾಯಬೇಕಾದ ಆರು ತಿಂಗಳ ಗಡುವು ಮುಗಿದು, ನಿನ್ನೆ ದಿನಾಂಕ 18-01-2000ರಂದು ನ್ಯಾಯಾಲಯದ ಆದೇಶವಾಯಿತು. ಹನ್ನೆರಡು ವರ್ಷದ ವಿಷಯ ನಾಲ್ಕು ನಿಮಿಷದಲ್ಲಿ ಮುಗಿಯಿತು. ಸಿಬ್ಬಂದಿಯು ಶಿವಾಜಿನಗರದ ಕಚೇರಿಗೆ ಬಂದು ಕಡತ ಒಪ್ಪಿಸಿ, ಬಸ್ ನಿಲ್ದಾಣಕ್ಕೆ ನಡೆದು, ಹಲಸೂರಿನ ಮೇಲೆ ಕೆ.ಆರ್. ಪುರಕ್ಕೆ ಹೋಗುವ ಬಸ್ಸು ಹತ್ತಿ, ಮುಂದಿನ ಹೆಂಗಸರ ಸೀಟಿನಲ್ಲಿ ಕುಳಿತು, ಟಿಕೆಟ್ ಪಡೆದರು. ಬಸ್ಸು ತುಂಬಿತು, ಹೊರಟಿತು.

ಸ್ವಲ್ಪ ದೂರ ಹೋದ ಮೇಲೆ ಕಂಡಕ್ಟರ್ ಜನರನ್ನು ಸರಿಸಿಕೊಂಡು ಹಿಂದಿನಿಂದ ಬಂದರು.

"ಅಮ್ಮಾ, ತಗೊಳ್ಳಿ, ಹಲಸೂರು ಒಂದು. ಹಿಂದೆ ನಿಮ್ಮ ಯಜಮಾನ್ರು ತಗೊಂಡಿದ್ದಾರೆ."

"ನಂದು ಆಗಿದೆಯಲ್ಲ."

"ಗೊತ್ತಮ್ಮ, ಕೊಟ್ಟೋನು ನಾನೇ. ಅವ್ರು ಕೆ.ಆರ್. ಪುರ ಒಂದು, ಮುಂದೆ ಹಲಸೂರು ಒಂದು ಅಂದ್ರು, ಹರಿದುಕೊಟ್ಬಿಟ್ಟೆ. ನೀವು ಅಂತ ಆಮೇಲೆ ಕೈ ತೋರ್ಸಿದ್ರು. ಈಗ ಏನ್ ಮಾಡ್ಲಿ?"

ಸಿಬ್ಬಂದಿಯು ಹಿಂತಿರುಗಿ ನೋಡಿದರು. ಕಂಬಿ ಹಿಡಿದ ಕೈಗಳ ನಡುವೆ ಶ್ರೀ ಬಸವಪ್ರಭು ಅವರ ಮುಖ ಕಾಣಿಸಿತು. ತಾವು ಮಾಡಿದ್ದು ಏನೆಂದು ಅವರಿಗೂ ಆಗ ತಾನೆ ಹೊಳೆದಂತಿತ್ತು. ಇಬ್ಬರೂ ಎಲ್ಲಿಗೇ ಹೋಗಲಿ, ಹಿಂದಿನಿಂದ ಅವರು ಎರಡು ಟಿಕೆಟ್ ಕೇಳಿ, ಮುಂದೆ ಕುಳಿತವಳ ಕಡೆ ಕೈ ತೋರಿಸುತ್ತಿದ್ದ ವರ್ಷಗಳು ಹನ್ನೆರಡು. ಅವರು ಕೈಯನ್ನು ಅರ್ಧ ಎತ್ತಿದರು. ಅದು ಕ್ಷಮಿಸು ಎಂದೋ, ಇರಲಿ ಇಟ್ಟುಕೋ ಎಂದೋ ತಿಳಿಯಲಿಲ್ಲ. ನಗಬೇಕೆ ಎಂದು ಸಿಬ್ಬಂದಿಯು ತೀರ್ಮಾನಿಸುವಷ್ಟರಲ್ಲಿ ಹಲಸೂರು ಬಂತು. ಇಳಿದು, ಬಸ್ಸು ತಿರುವು ದಾಟುವವರೆಗೆ ಅಲ್ಲೇ ನಿಲ್ಲಲಾಯಿತು. ಕೈಯಲ್ಲಿ ಎರಡು ಟಿಕೆಟ್ ಇದ್ದವು.

ಒಬ್ಬ ಪ್ರಯಾಣಿಕರು ಒಂದೇ ದಾರಿಗೆ ಎರಡು ಟಿಕೆಟ್ ಹೊಂದಿರುವುದು ತಪ್ಪೇ ಎಂಬ ಬಗ್ಗೆ ಈ ಇಲಾಖೆಗೆ ಸ್ಪಷ್ಟತೆ ಇರುವುದಿಲ್ಲ. ಸ್ಪಷ್ಟೀಕರಣ ಬರುವವರೆಗೂ ಸ್ವಂತ ಟಿಕೆಟನ್ನು ಮೊದಲೇ ಪಡೆಯತಕ್ಕದ್ದು. ಇನ್ನೊಂದನ್ನು ಎಸೆಯಬೇಕಾಗಿಲ್ಲ.

ಮೇಲ್ಕಂಡ ಸೂಚನೆಗಳು ಹನ್ನೆರಡು ವರ್ಷ ಹಿಂದಿನಿಂದ ಪೂರ್ವಾನ್ವಯವಾಗುವಂತೆ ಜಾರಿಗೆ ಬರತಕ್ಕದ್ದು. ಅದು ಸಾಧ್ಯವಾಗದಿದ್ದಲ್ಲಿ, ಇಂದಿನಿಂದ.

ಸಹಿ/-
(ಜಯದೇವಿ)
ಗೃಹಿಣಿ ಹಾಗೂ ಬೆರಳಚ್ಚುಗಾರ್ತಿ
ಗೃಹ ಇಲಾಖೆ

ಪ್ರತಿಗಳು:
1) ಶ್ರೀ ಮುನಿರಾಜಪ್ಪ, ಟೈಪಿಂಗ್ ಇನ್‌ಸ್ಟಿಟ್ಯೂಟ್, ಹಲಸೂರು: ತಿದ್ದುವ ಸಲುವಾಗಿ. ಎರಡು ಪುಟಕ್ಕಿಂತ ಹೆಚ್ಚಾಗಿರುವುದನ್ನು ಗಮನಿಸಲು ಕೋರಿದೆ.
2) ಶ್ರೀಮತಿ ಜಹನಾರಾ, ವಕೀಲರು, ಶಿವಾಜಿನಗರ: ಮಾಹಿತಿಗಾಗಿ. ಓದಲು ಶುಲ್ಕ ವಿಧಿಸದಿರಲು ವಿನಂತಿ.
3) ಕುಮಾರಿ ಗೌತಮಿ, ಐದನೇ ತರಗತಿ: ಕಾಗುಣಿತದ ತಪ್ಪು ಹುಡುಕಲು. ಕಂಡಿಕೆ 9ರ ಕೊನೆಯ ಎರಡು ಪದಗಳ ಮೇಲೆ ಬಿಳಿ ಬಣ್ಣ ಹಚ್ಚಲಾಗಿದೆ, ಕೆರೆಯತಕ್ಕದ್ದಲ್ಲ.
4) ಶ್ರೀ ಬಸವಪ್ರಭು, ಕೆ.ಆರ್. ಪುರ: ಕಾರ್ಬನ್ ಪ್ರತಿ ಮಸುಕಾಗಿರುವುದರಿಂದ ಕಳುಹಿಸಲಾಗಿಲ್ಲ.
5) ನಿನ್ನೆ ಸಂಜೆಯ ಬಸ್ಸಿನ ಕಂಡಕ್ಟರ್: ಸದರಿಯವರ ಮೇಲೆ ಈ ಇಲಾಖೆಯ ಯಾವುದೇ ದೂರು ಇರುವುದಿಲ್ಲ.